ಕೆರೆಯಲ್ಲಿಲ್ಲದ ಕಪ್ಪೆ

ಸೋಮವಾರ ಬೆಳಿಗ್ಗೆ ನೀರಿನ ಪ್ರಯೋಗಾಲಯದ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟರು.

"ಯಾರೋ ನಮ್ಮ ಪರೀಕ್ಷೆಗೇ ಟೋಪಿ ಹಾಕಿದ್ದಾರೆ ಸರ್."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ಬಿಡಿಸಿ ಹೇಳಿ."

ಊರ ನಡುವಿನ ಕೆರೆಯನ್ನು ಬತ್ತಿಸಿ ವಾಹನ ನಿಲ್ದಾಣ ಕಟ್ಟುವ ಕೆಲಸ ಶುರುವಾಗಿತ್ತು. ನೀರನ್ನು ನದಿಗೆ ಬಿಡುವ ಮುನ್ನ ಪ್ರತಿ ಸಲವೂ ಪರೀಕ್ಷೆ ಕಡ್ಡಾಯ. ಕಪ್ಪೆಯಿರುವ ನೀರಿನಲ್ಲಿ ಅದರ ಚರ್ಮ, ಲೋಳೆ, ಹಿಕ್ಕೆಯ ಕಣಗಳು ತೇಲುತ್ತಿರುತ್ತವೆ. ಅವನ್ನು ಸೋಸಿ ಡಿಎನ್‌ಎ ಓದಿದರೆ, ಕಪ್ಪೆಯನ್ನು ಕಾಣದೆಯೇ ಅದು ಯಾವ ಜಾತಿಯದೆಂದು ಹೇಳಬಹುದು. ಕೆರೆಯ ಮೆಟ್ಟಿಲ ಬಳಿಯ ನೀರಿನಲ್ಲಿ ವಿದೇಶಿ ಗೂಳಿಗಪ್ಪೆಯ ಡಿಎನ್‌ಎ ಸಿಕ್ಕಿತ್ತು. ಇಲ್ಲಿನ ಕಪ್ಪೆಗಳನ್ನೇ ನುಂಗಿಹಾಕುವ ಪ್ರಾಣಿ ಅದು. ಅದರ ಮರಿಗಳು ನದಿ ಸೇರಬಾರದೆಂದು ಪಂಪುಗಳನ್ನು ನಿಲ್ಲಿಸಲಾಗಿತ್ತು.

"ಈಗೇನು ತಕರಾರು?"

"ಬಲೆ ಹಾಕಿದ್ವಿ, ಒಂದು ಗೊದಮೊಟ್ಟೆನೂ ಸಿಗಲಿಲ್ಲ. ಕೂಗೂ ಕೇಳಲಿಲ್ಲ. ಮೆಟ್ಟಿಲ ಹತ್ರ ಬಿಟ್ರೆ ಕೆರೆಯ ಬೇರೆಲ್ಲೂ ಅದರ ಸುಳಿವಿಲ್ಲ. ಈ ಡಿಎನ್‌ಎ ಕೆಲವು ವಾರದಲ್ಲಿ ಅಳಿಸಿಹೋಗುತ್ತೆ. ಆದ್ರೂ ಅಲ್ಲಿ ತಾಜಾ ಸಿಗ್ತಾನೇ ಇದೆ. ಯಾರೋ ತಂದು ಸುರೀತಿದ್ದಾರೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕೆರೆಯ ದಡದಲ್ಲಿ ಪಂಚನಾಮೆ ನಡೆಸಿ, ನೀರಿನ ಬಾಟಲಿಗಳಿಗೆ ಮೊಹರು ಹಾಕಲಾಯಿತು.

ಗೂಳಿಗಪ್ಪೆ ಇದ್ದದ್ದು ಊರಿನ ಒಂದೇ ಒಂದು ಅಲಂಕಾರ ಮೀನಿನ ಅಂಗಡಿಯಲ್ಲಿ.

"ಕಪ್ಪೆ ಯಾರಿಗೆ ಮಾರಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರಿಗೂ ಇಲ್ಲ ಸಾರ್. ಎರಡೂ ಇಲ್ಲೇ ಇವೆ ನೋಡಿ," ಎಂದ ಅಂಗಡಿಯವನು.

"ತೊಟ್ಟಿ ತೊಳೆದ ನೀರು?"

ಅವನು ತಡವರಿಸಿದ. "ಅದನ್ನ ಮೊಸಳೆ ಟೀಚರ್ ಒಯ್ತಾರೆ. ಗಿಡಕ್ಕೆ ಹಾಕ್ತೀನಿ ಅಂದ್ರು. ಕೊಳಕು ನೀರಿಗೂ ಗಿರಾಕಿ ಬಂದ್ರಲ್ಲ ಅಂತ ಖುಷಿಪಟ್ಟೆ."

ಜೊತೆಗಿದ್ದ ಮಹಿಳಾ ಕಾನ್‌ಸ್ಟೇಬಲ್ ಮುಖ ಸಪ್ಪಗಾಯಿತು. ಸದಾ ನೀರಲ್ಲೇ ಇರುವುದಕ್ಕೆ ಆ ಹೆಸರು ಬಿದ್ದಿತ್ತು; ಊರಿನ ಮಕ್ಕಳಿಗೆಲ್ಲ ಆ ಕೆರೆಯಲ್ಲಿ ಈಜು ಕಲಿಸಿದವರು ಆ ಟೀಚರ್. ಇವಳಿಗೂ ಅವರೇ ಕಲಿಸಿದ್ದು.

ಟೀಚರ್ ಮನೆಯಲ್ಲಿ ಒಂದು ಹೂಕುಂಡವೂ ಇರಲಿಲ್ಲ. ಬಾಲ್ಕನಿಯಲ್ಲಿ ಒದ್ದೆ ಟವೆಲ್‌ಗಳು, ಪಕ್ಕದಲ್ಲಿ ಖಾಲಿ ಕ್ಯಾನು.

"ಗಿಡ ಎಲ್ಲಿ ಮೇಡಂ?"

"ಗಿಡ ಇಲ್ಲ. ಕೆರೆಗೆ ಸುರಿದದ್ದು ನಾನೇ."

"ಈ ಉಪಾಯ ಹೇಗೆ ಹೊಳೀತು?"

"ಪರೀಕ್ಷೆಯವರು ಮೊದಲ ಸಲ ಬಂದಾಗ ನನ್ನ ಪಕ್ಕದಲ್ಲೇ ನೀರು ತುಂಬಿಸ್ಕೊಳ್ತಿದ್ರು. ಏನು ಹುಡುಕ್ತೀರಿ ಅಂದೆ. ಪಾಪ, ಎಲ್ಲಾ ವಿವರವಾಗಿ ಹೇಳಿದ್ರು."

"ಆ ನೀರಲ್ಲಿ ಕಪ್ಪೆಗಳ ರೋಗ ಇರಬಹುದಂತೆ. ಕೆರೆಯ ಕಪ್ಪೆಗಳು ಸಾಯಬಹುದು."

ಟೀಚರ್ ಮೊದಲ ಸಲ ತಲೆ ತಗ್ಗಿಸಿದರು. "ಅದು ಗೊತ್ತಿರಲಿಲ್ಲ. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ಸರಿ." ಮತ್ತೆ ಮುಖ ಎತ್ತಿದರು. "ಪಂಪು ನಿಲ್ಲಿಸಿದ್ದಕ್ಕೆ ಮಾತ್ರ ಕ್ಷಮೆ ಕೇಳಲ್ಲ. ಬರ್ಕೊಳ್ಳಿ."

ಸಂಜೆ ಬಂಧನ. ಕಾನ್‌ಸ್ಟೇಬಲ್ ಬಾಗಿಲಲ್ಲೇ ಹಿಂಜರಿದು ನಿಂತಳು.

"ಯಾಕಮ್ಮಾ, ನಡಿ," ಟೀಚರ್ ಗದರಿದರು. "ನಿನ್ನ ಕೆಲಸ ನೀನು ಮಾಡು."

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡರು. ಕೆರೆ ಉಳಿಸಿ ಎಂದು ಟೀಚರ್ ಕೊಟ್ಟ ಅರ್ಜಿಗಳೆಲ್ಲ 'ಕೆರೆ ಬಳಕೆಯಲ್ಲಿಲ್ಲ' ಎಂಬ ಒಂದೇ ಉತ್ತರದೊಡನೆ ವಾಪಸಾಗಿದ್ದವು. ಸರ್ವೆಯವರು ಬಂದ ದಿನ ಅವರು ಮಕ್ಕಳೊಂದಿಗೆ ಎದೆಮಟ್ಟದ ನೀರಿನಲ್ಲಿದ್ದರು. ಅಧಿಕಾರಿ ದಡದಿಂದ ಕೈಬೀಸಿ, ಫೋಟೋಗೆ ಅಡ್ಡ ಬರ್ತೀರಿ, ಸ್ವಲ್ಪ ಆಚೆ ಹೋಗಿ ಎಂದಿದ್ದ. ಅವರು ಮಕ್ಕಳನ್ನು ಕರೆದುಕೊಂಡು ಪಕ್ಕಕ್ಕೆ ಹೋಗಿದ್ದರು. ಫೋಟೋದಲ್ಲಿ ಬರೀ ನೀರು ಬಂದಿತ್ತು; ಸರ್ವೆ ವರದಿಗೆ ಅದೇ ಸಾಕ್ಷಿಯಾಗಿತ್ತು.

"ಅವತ್ತು ಪಕ್ಕಕ್ಕೆ ಸರಿದೆ," ಎಂದು ಟೀಚರ್ ಸಹಿ ಹಾಕಿ ಪೆನ್ನು ಹಿಂತಿರುಗಿಸಿದರು. "ಇನ್ನು ಸರಿಯೋದಿಲ್ಲ."