ಬಲಗಾಲಿನ ಬೂಟು

"ಈಗ ಆಗಲ್ಲ ಸಾರ್. ಸಂಜೆ ಬನ್ನಿ."

ಗಂಗಾಲಕ್ಷ್ಮಿ ತಲೆ ಎತ್ತದೆಯೇ ಹೇಳಿದಳು. ಎದುರಿಗೆ ನಿಂತಿದ್ದವನ ಮುಖ ಕೆಂಪಾಯಿತು. ಮುಳಬಾಗಿಲಿನಿಂದ ಎರಡು ಬಸ್ಸು ಬದಲಾಯಿಸಿ, ಹೆಗಲಿಗೆ ದೊಡ್ಡದೊಂದು ಚೀಲ ಹೇರಿಕೊಂಡು, ಬೆಳಿಗ್ಗೆ ಒಂಬತ್ತಕ್ಕೆ ಅವನು ಮಾಲೂರಿನ ಆ ಶೂ ಕಾರ್ಖಾನೆಗೆ ಬಂದಿದ್ದ.

"ಸಂಜೆವರೆಗೂ ಇಲ್ಲಿ ನಾನೇನ್ ಮಾಡ್ಲಿ?"

"ಓಡಾಡಿ. ಕಾಲು ಊದ್ಕೊಳ್ಲಿ. ಊದಿದ ಕಾಲಿಗೇ ಬೂಟು ನೋಡ್ಬೇಕು."

ಎಂಥ ಜಂಬದ ಹುಡುಗಿ, ಎಂದುಕೊಂಡ ಅವನು. ಆದರೂ ಹೋದ. ಸಂಜೆ ಐದೂವರೆಗೆ ವಾಪಸ್ಸು ಬಂದಾಗ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಟೇಕಲ್ ರಸ್ತೆಯಲ್ಲಿ ಹೋಗಿ ಬರುತ್ತಾ ಹದಿನೈದು ಕಿಲೋಮೀಟರ್ ನಡೆದಿದ್ದನಂತೆ. ಗಂಗಾಲಕ್ಷ್ಮಿಗೆ ಮೊದಲ ಬಾರಿ ಅವನ ಮುಖ ನೋಡಬೇಕೆನ್ನಿಸಿತು. ಹೇಳಿದ ಮಾತನ್ನು ಇಷ್ಟು ಅಕ್ಷರಶಃ ಪಾಲಿಸುವವರೂ ಇರುತ್ತಾರಾ?

ಅವನ ಹೆಸರು ಭಾರ್ಗವ್. ಕೋಲಾರದಲ್ಲಿ ಓದುವಾಗ ಅಂತರಗಂಗೆಯ ಬಂಡೆಗಳನ್ನು ಹತ್ತಿ ಹತ್ತಿ ಬೆಟ್ಟದ ಹುಚ್ಚು ಹಿಡಿಸಿಕೊಂಡವನು. ಈಗ ವರ್ಷದ ಅರ್ಧ ಕಾಲ ಮನಾಲಿಯಲ್ಲಿದ್ದು, ಬಂದವರಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಿದ್ದ. ಕಾರ್ಖಾನೆಯ ಸ್ಯಾಂಪಲ್ ವಿಭಾಗ ನೋಡಿಕೊಳ್ಳುತ್ತಿದ್ದ ಶ್ರೀಕೃಷ್ಣ ಅವನ ಕಾಲೇಜು ಗೆಳೆಯ. ಹೊಸ ಶೂ ಕಾಲಿಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಮುಟ್ಟಿಯೇ ಹೇಳಬಲ್ಲವಳು ಗಂಗಾಲಕ್ಷ್ಮಿ ಒಬ್ಬಳೇ ಎಂದು ಅವನೇ ಕಳಿಸಿದ್ದ.

ಅದು ಎರಡು ಸಾವಿರದ ಆರನೇ ಇಸವಿಯ ಮಾರ್ಚ್. ಮೇ ತಿಂಗಳಲ್ಲಿ ಭಾರ್ಗವ್ ಮತ್ತು ನಾಲ್ವರು ಮನಾಲಿಯಾಚೆಯ ಸ್ಪಿತಿ ಕಡೆಯ ಒಂದು ಶಿಖರಕ್ಕೆ ಹೋಗುವವರಿದ್ದರು. ಆರು ಸಾವಿರ ಮೀಟರಿಗೂ ಎತ್ತರ. ಹಿಮದ ಮೇಲೆ ಜಾರುವ ಅವನ ಹಲಗೆ ಉದ್ದಕ್ಕೆ ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತಿತ್ತು. ಕಾಲಿಗೊಂದೊಂದು ಕಟ್ಟಿಕೊಂಡು ಹಿಮ ಹತ್ತಬೇಕು. ತುದಿ ತಲುಪಿದ ಮೇಲೆ ಎರಡನ್ನೂ ಜೋಡಿಸಿ, ಅದರ ಮೇಲೆ ನಿಂತು ಜಾರಿ ಇಳಿಯಬೇಕು. ಗಟ್ಟಿ ಪ್ಲಾಸ್ಟಿಕ್ ಬೂಟು ಹತ್ತಲು ಚೆನ್ನ, ಆದರೆ ಜಾರುವಾಗ ಕಣಕಾಲು ಬಾಗುವುದಿಲ್ಲ. ಹಾಗಾಗಿ ಮೆತ್ತನೆಯ ಬೂಟೇ ಬೇಕಿತ್ತು.

ವಿದೇಶಿ ಗೆಳೆಯರು ಬಿಟ್ಟುಹೋದ ಎರಡು ಜೊತೆ ಮೆತ್ತನೆ ಬೂಟು ಅವನ ಚೀಲದಲ್ಲಿದ್ದವು. ಒಂದು ಅವನ ಕಾಲಿಗೆ ಅಂಟಿದಂತೆ ಕೂರುತ್ತಿತ್ತು. ಇನ್ನೊಂದು ಒಂದು ಸೈಜು ದೊಡ್ಡದು, ತಳ ಸ್ವಲ್ಪ ಗಟ್ಟಿ.

ಗಂಗಾಲಕ್ಷ್ಮಿ ಎರಡನ್ನೂ ಬಗ್ಗಿಸಿ ನೋಡಿದಳು. ಒಳಗೆ ಕೈ ತೂರಿಸಿ ಬೆರಳಿನ ಜಾಗ ಮುಟ್ಟಿದಳು. ಆಮೇಲೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಚಿಕ್ಕ ಬೂಟು ತೊಡಿಸಿದಳು. ಬೆಳಿಗ್ಗೆ ಸರಿಯಾಗಿದ್ದ ಬೂಟು ಈಗ ಹಿಸುಕುತ್ತಿತ್ತು.

ದೊಡ್ಡದೇ ಆಗಬೇಕು ಎಂದಳು. ಬೆಟ್ಟದ ಮೇಲೆ ಕಾಲು ಇನ್ನೂ ಊದುತ್ತದೆ, ಬೆರಳು ಆಡದಿದ್ದರೆ ರಕ್ತ ಓಡುವುದಿಲ್ಲ ಎಂದಳು. ದೊಡ್ಡದರಲ್ಲಿ ಹಿಮ್ಮಡಿ ಏಳುತ್ತೆ, ಹಲಗೆ ತನ್ನ ಮಾತು ಕೇಳುವುದಿಲ್ಲ ಎಂದು ಅವನು ವಾದಿಸಿದ.

"ಹಿಮ್ಮಡಿ ನಂಗೆ ಬಿಡಿ," ಎಂದಳು ಗಂಗಾಲಕ್ಷ್ಮಿ. "ಬೆರಳು ಮಾತ್ರ ನಿಮ್ಮವು."

ಅಲ್ಲಿಂದ ಮೂರು ವಾರ ಅವನು ಆಗಾಗ ಮಾಲೂರಿಗೆ ಬಂದ. ದೊಡ್ಡ ಬೂಟಿನ ಒಳಪದರಕ್ಕೆ, ಹಿಮ್ಮಡಿಯ ಎರಡೂ ಪಕ್ಕ, ಅವಳು ದಪ್ಪ ಉಣ್ಣೆಬಟ್ಟೆಯ ತುಂಡು ಕತ್ತರಿಸಿ ಅಂಟಿಸಿದಳು. ಒಂದು ಭಾನುವಾರ ಅಂತರಗಂಗೆಯ ಮೆಟ್ಟಿಲುಗಳಲ್ಲಿ ಪರೀಕ್ಷೆ ನಡೆಯಿತು. ಜೊತೆಗೆ ಕೆಲಸದ ಗೆಳತಿ ಭಾರತಮ್ಮನನ್ನೂ ಕರೆದುಕೊಂಡು ಹೋಗಿದ್ದಳು. ಆ ಬಿಸಿಲಲ್ಲಿ ಹಿಮದ ಬೂಟು ತೊಟ್ಟು ಹತ್ತುವವನನ್ನು ದೇವಸ್ಥಾನಕ್ಕೆ ಬಂದವರೆಲ್ಲ ನಿಂತು ನೋಡಿದರು. ಎಡಗಾಲು ಸರಿಯಿತ್ತು. ಬಲ ಹಿಮ್ಮಡಿ ಇನ್ನೂ ಕೊಂಚ ಏಳುತ್ತಿತ್ತು. ಗಂಗಾಲಕ್ಷ್ಮಿ ಬಲಗಾಲಿನ ಬೂಟಿಗೆ ಮಾತ್ರ ಇನ್ನೊಂದು ಪದರ ಸೇರಿಸಿದಳು.

ಹೊರಡುವ ಮುನ್ನಾದಿನ ಅವನು ಎರಡೂ ಜೊತೆ ಚೀಲಕ್ಕೆ ತುಂಬಿಕೊಂಡ. ಚಿಕ್ಕದು ಕೆಳಗಿನ ಇಳಿಜಾರಿಗೆ ಎಂದ.

"ಮೇಲಕ್ಕೆ ದೊಡ್ಡದೇ. ಮಾತು ಕೊಡಿ," ಎಂದಳು.

ಕೊಟ್ಟೆ ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ನನಗೆ ಕಾಯ್ತೀರಾ?" ಎಂದು ಕೇಳಿದ.

ಅಂದು ಗಂಗಾಲಕ್ಷ್ಮಿ ಶಿವಾರಪಟ್ಟಣದ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಒಬ್ಬಳೇ ನಗುತ್ತಿದ್ದಳು...

ಜೂನ್ ಎರಡನೇ ವಾರ ಶ್ರೀಕೃಷ್ಣ ಅವಳ ಮೇಜಿನ ಬಳಿ ಬಂದು ನಿಂತ. ಭಾರ್ಗವನ ಬಲಗಾಲಿನ ಮೂರು ಬೆರಳು ಹಿಮಕ್ಕೆ ಸತ್ತು, ಕತ್ತರಿಸಿ ತೆಗೆದರಂತೆ. ಬೂಟು ಬಿಗಿಯಾಗಿ ರಕ್ತ ಓಡಲಿಲ್ಲವಂತೆ. ಅಷ್ಟೇ ಅವನಿಗೂ ಗೊತ್ತಿದ್ದದ್ದು.

ಬಲಗಾಲು!

ಗಂಗಾಲಕ್ಷ್ಮಿಯ ಕೈಯಲ್ಲಿದ್ದ ಅಂಟಿನ ಕುಂಚ ಕೆಳಗೆ ಬಿತ್ತು. ಆ ಇನ್ನೊಂದು ಪದರ... ತಾನೇ ಅಂಟಿಸಿದ್ದು. ತಾನೇ ಒತ್ತಿ ಕೂರಿಸಿದ್ದು.

ಅವನ ಮೊಬೈಲಿಗೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಶ್ರೀಕೃಷ್ಣನಿಂದ ಮುಳಬಾಗಿಲಿನ ಮನೆಯ ನಂಬರು ಪಡೆದು ಫೋನ್ ಮಾಡಿದಳು. ತೆಗೆದುಕೊಂಡವರು ಅವನ ತಾಯಿ ಕೃಷ್ಣಮ್ಮ. ಹೆಸರು ಕೇಳಿ ಒಳಗೆ ಹೋಗಿ ಬಂದರು.

"ಮಾತಾಡಲ್ಲ ಅಂತಾನಮ್ಮ. ಬೇರೆಯವರ ಹತ್ರ ಆಡ್ತಾನೆ. ನಿಮ್ಮ ಹೆಸರು ಹೇಳಿದ್ರೆ ಬೇಡ ಅಂದ."

ಬೇಡ ಎಂದನಂತೆ. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮರುದಿನವೇ ಶ್ರೀಕೃಷ್ಣನನ್ನು ಕೇಳಿಕೊಂಡು ಪ್ಯಾಕಿಂಗ್ ವಿಭಾಗಕ್ಕೆ ಹೋದಳು. ಶೂ ಡಬ್ಬಿಗೆ ಹಾಕುವುದು, ಮುಚ್ಚುವುದು. ಯಾರ ಕಾಲೂ ನೋಡುವ ಹಾಗಿಲ್ಲ. ವಿಗ್ರಹ ಕೆತ್ತುವ ಅಪ್ಪ ಮಗಳ ಮುಖ ನೋಡಿ ಏನಾಯಿತೆಂದು ಕೇಳಿದರೆ, ಕೆಲಸ ಜಾಸ್ತಿ ಎನ್ನುತ್ತಿದ್ದಳು. ಊಟಕ್ಕೆ ಕೂತರೆ ತನ್ನ ಬಲಗೈ ಕಂಡೇ ಅನ್ನ ಸೇರುತ್ತಿರಲಿಲ್ಲ. ನಡೆಯುವುದೇ ಬದುಕಾಗಿದ್ದ ಮನುಷ್ಯನ ಕಾಲು ಕಳೆದೆನಲ್ಲಾ...

ಐದು ತಿಂಗಳು ಹೀಗೇ ಹೋಯಿತು. ಕೊನೆಗೆ ತಡೆಯಲಾರದೆ ಕೇಳಿದವಳು ಭಾರತಮ್ಮ. ಶ್ರೀನಿವಾಸಪುರದ ಕಡೆಯವಳು, ಮಾತೆಲ್ಲ ನೇರ.

"ಏಮ್ಮಾ, ಆ ಬೂಟು ನೀನು ಕಣ್ಣಾರೆ ನೋಡಿದ್ಯಾ?"

"ಇಲ್ಲ ಅಕ್ಕ."

"ಮತ್ತೆ ನೋಡ್ದೆ ಹೆಂಗೆ ತಪ್ಪು ನಿಂದೇ ಅಂತೀಯ? ಹೋಗಿ ನೋಡ್ಕೊಂಡು ಬಾ. ಆಮೇಲೆ ಬೇಕಾದ್ರೆ ಅಳು."

ನವೆಂಬರಿನ ಒಂದು ಭಾನುವಾರ ಗಂಗಾಲಕ್ಷ್ಮಿ ಮುಳಬಾಗಿಲಿನಲ್ಲಿ ಬಸ್ಸಿಳಿದಳು. ಮನೆ ಹುಡುಕಿ ಬಾಗಿಲು ಬಡಿದಾಗ ತೆರೆದವರು ಕೃಷ್ಣಮ್ಮ. ಯಾರೆಂದು ತಿಳಿದ ಕೂಡಲೇ ಕೈ ಹಿಡಿದು ಒಳಗೆ ಕರೆದರು.

ಭಾರ್ಗವ್ ನಡುಮನೆಯಲ್ಲಿ ಪೇಪರು ಓದುತ್ತಾ ಕೂತಿದ್ದ. ಇಳಿದುಹೋಗಿದ್ದ. ಅವಳನ್ನು ಕಂಡವನೇ ಪಂಚೆಯನ್ನು ಬಲಪಾದದ ಮೇಲೆ ಎಳೆದುಕೊಂಡ.

"ಆ ಬೂಟು ನೋಡ್ಬೇಕು ನಾನು," ಎಂದಳು ಗಂಗಾಲಕ್ಷ್ಮಿ.

"ಯಾಕೆ?"

"ತಪ್ಪು ನಂದಾ ಅಂತ ಗೊತ್ತಾಗ್ಬೇಕು. ಬಲಗಾಲಿಗೆ ಜಾಸ್ತಿ ಪದರ ಹಾಕಿದ್ದು ನಾನೇ ಅಲ್ವಾ?"

ಅವನು ಅವಳನ್ನೇ ನೋಡಿದ. ಅವಳು ಏನು ಹೇಳುತ್ತಿದ್ದಾಳೆಂದು ಅರ್ಥವಾಗುತ್ತಿದ್ದಂತೆ ಅವನ ಮುಖ ಬಿಳುಚಿಕೊಂಡಿತು. ಎದ್ದು, ಗೋಡೆ ಹಿಡಿದು ಒಳಗೆ ಹೋಗಿ, ಚೀಲ ತಂದು ಅವಳ ಮುಂದಿಟ್ಟ.

ದೊಡ್ಡ ಬೂಟು ಅವಳು ಕೊಟ್ಟು ಕಳಿಸಿದ ಹಾಗೇ ಇತ್ತು. ಮೇಲೆ ಅಂತರಗಂಗೆಯ ಕೆಂಪು ಧೂಳು ಕೂಡ ಹಾಗೇ ಇತ್ತು. ಅವಳ ಉಣ್ಣೆಬಟ್ಟೆ ಎಲ್ಲೂ ನಲುಗಿರಲಿಲ್ಲ. ಅದರ ಕೆಳಗಿದ್ದ ಚಿಕ್ಕ ಜೊತೆಯ ಬಲ ಬೂಟನ್ನು ಮಾತ್ರ ಯಾರೋ ಉದ್ದಕ್ಕೂ ಕತ್ತರಿಸಿ ಕಾಲಿನಿಂದ ಬಿಡಿಸಿದ್ದರು.

"ಅವತ್ತು ಬೆಳಿಗ್ಗೆ ಚಿಕ್ಕದೇ ಹಾಕ್ಕೊಂಡೆ," ಎಂದ. "ಹಿಮ ಕಲ್ಲಿನ ಹಂಗಿತ್ತು. ಇಳಿಜಾರು ನೋಡಿ ಭಯ ಆಯ್ತು. ದೊಡ್ಡದ್ರಲ್ಲಿ ಹಲಗೆ ಕೈ ಬಿಡುತ್ತೇನೋ ಅನ್ನಿಸ್ತು. ಚಳಿಗೆ ಅಂತ ಎರಡು ಸಾಕ್ಸ್ ಬೇರೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಇದಾವೆ ಅಂತಾನೇ ಗೊತ್ತಾಗ್ತಿರ್ಲಿಲ್ಲ."

ಗಂಗಾಲಕ್ಷ್ಮಿಯ ಎದೆಯಿಂದ ಏನೋ ಇಳಿಯಿತು. ಅದು ಇಳಿದ ಜಾಗಕ್ಕೆ ಕೋಪ ಬಂದು ಕೂತಿತು.

"ಐದು ತಿಂಗಳು," ಎಂದಳು. "ನನ್ನ ಕೈ ನಾನೇ ನೋಡಕ್ಕಾಗ್ತಿರ್ಲಿಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ ನೀವು?"

ಅವನ ಉತ್ತರಕ್ಕೆ ಕಾಯದೆ ಹೊರಟುಬಿಟ್ಟಳು. ಕಾಫಿ ತರುತ್ತಿದ್ದ ಕೃಷ್ಣಮ್ಮ ಕರೆದದ್ದೂ ಅವಳಿಗೆ ಕೇಳಿಸಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಗ, ಎದುರು ರಸ್ತೆಯಲ್ಲಿ ಅವನು ಬರುತ್ತಿರುವುದು ಕಾಣಿಸಿತು. ಆಸ್ಪತ್ರೆಯಿಂದ ಬಂದ ಮೇಲೆ ಬೀದಿಗೆ ಕಾಲಿಟ್ಟಿರದವನು. ಹೆಜ್ಜೆ ವಾಲುತ್ತಿತ್ತು. ಬಲಗಾಲಿನ ಚಪ್ಪಲಿ ನಿಲ್ಲದೆ ಜಾರುತ್ತಿತ್ತು. ಅಂಗಡಿಯವರು ಹೊರಗೆ ಬಂದು ನೋಡುತ್ತಿದ್ದರು. ಕೊನೆಗೆ ಅವನು ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದ.

ಎದ್ದು ಹೋಗಿ ಹಿಡಿದುಕೊಳ್ಳಬೇಕೆನ್ನಿಸಿತು ಅವಳಿಗೆ. ಆದರೂ ಕೂತೇ ಇದ್ದಳು.

"ನಿಂಗೆ ಮಾತು ಕೊಟ್ಟು ಮುರಿದಿದ್ದೆ," ಎಂದ ಏದುಸಿರಿನಲ್ಲಿ. "ಯಾವ ಮುಖ ಇಟ್ಕೊಂಡು ಫೋನ್ ತಗೊಳ್ಲಿ ಅಂತ ಬೇಡ ಅಂದೆ. ನೀನು ಇಷ್ಟೆಲ್ಲ ನಿನ್ನ ಮೇಲೆ ಹಾಕ್ಕೊಂಡಿರ್ತೀಯ ಅಂತ ಗೊತ್ತಿರ್ಲಿಲ್ಲ ಗಂಗಾ. ನಿಜ ಹೇಳಿದ್ರೆ ಬಿಟ್ಟು ಹೋಗ್ತೀಯ ಅಂತ ಹೆದ್ರಿದ್ದೆ."

"ಹೇಳ್ದೇ ಇದ್ದಿದ್ದಕ್ಕೇ ಹೋಗ್ತಾ ಇದ್ದೆ."

"ಹೋಗ್ಬೇಡ. ನೀನಿಲ್ದೆ ನಂಗೆ ಆಗಲ್ಲ. ಕಾಲು ಹಿಂಗಾಯ್ತು ಅಂತಲ್ಲ... ನಂಗೇ ಬೇಕು."

ಕೋಲಾರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಊರಿನ ಹೆಸರು ಕೂಗಿದ. ಗಂಗಾಲಕ್ಷ್ಮಿ ಎದ್ದಳು. ಭಾರ್ಗವ್ ತಲೆ ತಗ್ಗಿಸಿದ. ಅವಳು ಬಸ್ಸನ್ನು ದಾಟಿ ರಸ್ತೆಗೆ ಹೋಗಿ, ಅವನು ಬಿಟ್ಟು ಬಂದಿದ್ದ ಚಪ್ಪಲಿ ಎತ್ತಿಕೊಂಡು ಬಂದು ಅವನ ಕಾಲ ಬಳಿ ಇಟ್ಟಳು. ಬಸ್ಸು ಹೊರಟುಹೋಯಿತು.

"ಮುಂದಿನ ಬಸ್ಸು ಎಷ್ಟೊತ್ತಿಗೆ?"

"ಅರ್ಧ ಗಂಟೆ ಆಗುತ್ತೆ."

"ಕೂತ್ಕೊಳ್ಳಿ ಅಲ್ಲೀವರ್ಗೂ. ನಂಗಿನ್ನೂ ಕೋಪ ಹೋಗಿಲ್ಲ."

ಅವನು ಪಕ್ಕದಲ್ಲಿ ಕೂತ. "ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಮದುವೆ ಆದ್ಮೇಲೂ ಇರ್ಬಹುದು."

ಭಾರ್ಗವ್ ತಿರುಗಿ ಅವಳನ್ನು ನೋಡಿದ. ಅವನ ಕಣ್ಣು ತುಂಬಿ ಬಂದಿತ್ತು.

"ಇರ್ಲಿ," ಎಂದ. "ಇರ್ಲಿ ಬಿಡು ಗಂಗಾ."