ಮೇಲ್ಲೋಕದವಳ ಮುಖ

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಗ್ಯಾಲರಿಯಲ್ಲಿದ್ದ ಚಿತ್ರ ಕಳುವಾಗಿರಲಿಲ್ಲ, ಅದರೊಳಗಿನ ಮುಖ ಮಾತ್ರ ಇರಲಿಲ್ಲ.

"ಕಳ್ಳತನ ಅಂತ ಬರ್ಕೊಳ್ಳಿ. ಆದ್ರೆ ನನ್ನ ಕೇಳಿದ್ರೆ ಮೇಲ್ಲೋಕದವಳೇ ಮುನಿಸ್ಕೊಂಡು ಎದ್ದು ಹೋಗಿದ್ದಾಳೆ ಸಾರ್," ಎಂದ ಚಿತ್ರಕಾರ.

"ಅವರ ವಿಳಾಸ ಕೊಡಿ, ಸಮನ್ಸ್ ಕಳಿಸೋಣ," ಎಂದ ಇನ್ಸ್‌ಪೆಕ್ಟರ್.

ಮೀಸೆ ಎಂದೇ ಹೆಸರಾದ ಹೆಡ್ ಕಾನ್ಸ್‌ಟೇಬಲ್ ಕೆಮ್ಮಿ ನಗು ನುಂಗಿದ. ಚಿತ್ರಕಾರ ನಗಲಿಲ್ಲ. ಸಂಜೆಗೆ ಅವನ ಚಿತ್ರಪ್ರದರ್ಶನದ ಉದ್ಘಾಟನೆಯಿತ್ತು.

ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಿಸಿ, ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು ಗ್ಯಾಲರಿಗೆ ಹೋದರು. ಬೀಗ ಒಡೆದಿರಲಿಲ್ಲ. ಆಳೆತ್ತರದ ಚಿತ್ರ; ಹಳೆಯ ಸೀರೆಯ ರೆಕ್ಕೆ, ಬೂದಿ ಮೆತ್ತಿದ ಮೈ, ಕನ್ನಡಿ ಚೂರುಗಳ ಒಡವೆ. ಕತ್ತಿನ ಮೇಲೆ ಖಾಲಿ ಗುಳಿ.

"ಮುಖ ಯಾತರಿಂದ ಮಾಡಿದ್ದು?"

"ಕಾಗದದ ತಿರುಳಿನ ಅಚ್ಚು, ಮೇಣ ಹಾಕಿ ಅಂಟಿಸಿದ್ದು. ನನ್ನ ತಂಗಿ ಮುಖದ್ದೇ. ಮೇಲ್ಲೋಕದವಳು ಅವಳ ಮೈಮೇಲೆ ಬರ್ತಾಳೆ ಸಾರ್. ಬಂದಾಗ ಅಚ್ಚು ತೆಗೆದಿದ್ದು."

ಮೀಸೆ ಚೌಕಟ್ಟನ್ನು ಇಳಿಸಲು ಹೋದರೆ ಅಡ್ಡ ಬಂದದ್ದು ಕಪ್ಪು ದಾರ. ಚೌಕಟ್ಟನ್ನು ಗೋಡೆಯ ಕೊಕ್ಕೆಗೆ ಸೇರಿಸಿ ಗಂಟಿನ ಮೇಲೆ ಗಂಟು ಬಿಗಿದಿತ್ತು.

"ಕಣ್ಣು ಬರೆದ ಮೇಲೆ ಹಾಗೆ ಕಟ್ಟಬೇಕು. ಇಲ್ದಿದ್ರೆ ಅವಳು ನಿಲ್ಲಲ್ಲ," ಎಂದ ಚಿತ್ರಕಾರ.

ದಾರ ಬಿಚ್ಚಿ ಚಿತ್ರ ತಿರುಗಿಸಿದರು. ಯಾರೋ ಹಿಂದಿನಿಂದ ಕಾಯಿಸಿ, ಮೇಣ ಕರಗಿಸಿ, ಮುಖವನ್ನು ಸುಲಿದು ತೆಗೆದಿದ್ದರು.

"ಕಳ್ಳ ಭಾರಿ ಸಾಚಾ ಸಾರ್," ಎಂದ ಮೀಸೆ. "ಬಿಚ್ಚಿದ ದಾರ ಮತ್ತೆ ಕಟ್ಟಿ ಹೋಗಿದ್ದಾನೆ."

ಇನ್ಸ್‌ಪೆಕ್ಟರ್ ಅದನ್ನೇ ಯೋಚಿಸುತ್ತಿದ್ದ. ಹೊರಗಿನವನಾದರೆ ಕತ್ತರಿಸಿ ಬಿಸಾಕುತ್ತಿದ್ದ. "ಈ ಗಂಟು ಹಾಕೋಕೆ ಯಾರ್ಯಾರಿಗೆ ಬರುತ್ತೆ? ಗ್ಯಾಲರಿ ಬೀಗದ ಕೈ ಎಲ್ಲಿಟ್ಟಿದ್ರಿ?"

"ಮನೇಲಿ," ಎಂದ ಚಿತ್ರಕಾರ. ಎರಡೂ ಪ್ರಶ್ನೆಗೆ ಅದೇ ಉತ್ತರವಾಗಿತ್ತು.

ಮನೆಯ ಬಾಗಿಲು ತೆರೆದವಳು ತಂಗಿ. ಒಳಗೆ ನಾಲ್ಕೂ ಗೋಡೆಯ ಮೇಲೆ ಅವಳದೇ ಮುಖ: ಕೊಂಬಿದ್ದದ್ದು, ಬೆಂಕಿ ಕಾರುವುದು, ಹಕ್ಕಿಯ ಮೈಯದ್ದು. ಇನ್ಸ್‌ಪೆಕ್ಟರ್‌ಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ; ನೆಲ ನೋಡಿದ. ಯಾರೂ ಕೇಳುವ ಮೊದಲೇ ಅವಳು ಟವೆಲಿನ ಗಂಟು ತಂದಿಟ್ಟಳು. ಒಳಗೆ ಅಚ್ಚು ಚೂರುಚೂರಾಗಿತ್ತು.

"ದಾರ ಯಾಕಮ್ಮ ಮತ್ತೆ ಕಟ್ಟಿದೆ?"

"ಕಟ್ಟಿದ್ನಾ?" ಅವಳು ತನ್ನ ಕೈ ನೋಡಿಕೊಂಡಳು. "ಕೈಗೆ ಅಭ್ಯಾಸ ಸಾರ್."

"ಮುಖ ಯಾಕೆ ತೆಗೆದೆ?"

"ಚಿಕ್ಕವಳಿದ್ದಾಗ ಮೈಮೇಲೆ ಬರ್ತಿತ್ತು, ಸುಳ್ಳಲ್ಲ. ಆಮೇಲೆ ನಿಂತೋಯ್ತು. ಅಣ್ಣಂಗೆ ಹೇಳಿದ್ರೆ, 'ನಿಂತ್ರೆ ನಿಲ್ಲಲಿ, ಬಂದ ಹಾಗೆ ಕೂತ್ಕೋ' ಅಂದ. ಕೂತೆ. ಹೊಲಿಗೆ ಫ್ಯಾಕ್ಟರೀಲಿ ಕೆಲಸ ಸಿಕ್ತು. ಅಣ್ಣನ ಚಿತ್ರದ ಪೋಸ್ಟರಲ್ಲಿ ನನ್ನ ಮುಖ ನೋಡಿದವರೆಲ್ಲ ಮಿಷನ್ ಬಿಟ್ಟು ನನ್ನ ಮುಂದೆ ಕೈಮುಗಿದು ನಿಂತ್ರು. ಸೂಪರ್‌ವೈಸರ್ ಮನೆಗೆ ಕಳಿಸಿದ. ಸೋಮವಾರ ಆಸ್ಪತ್ರೆ ಲಾಂಡ್ರಿಗೆ ಸೇರ್ಬೇಕು. ಅಷ್ಟರೊಳಗೆ ಈ ಚಿತ್ರಾನ ಊರೆಲ್ಲ ನೋಡಿದ್ರೆ ಅದೂ ಹೋಯ್ತು."

ಠಾಣೆಯಲ್ಲಿ ಅಣ್ಣ ಟವೆಲಿನ ಗಂಟನ್ನೇ ಬಿಚ್ಚಿ ಬಿಚ್ಚಿ ನೋಡಿದ. ಕೊನೆಗೆ, "ದೂರು ಬೇಡ ಸಾರ್, ರಾಜಿ ಆಗ್ತೀನಿ. ಇವಳು ಈಗಲೇ ಮನೆಗೆ ಬಂದು ಹೊಸ ಅಚ್ಚಿಗೆ ಕೂತ್ಕೊಂಡ್ರೆ ಸಾಕು," ಎಂದ.

"ಅರೆಸ್ಟ್ ಮಾಡಿ ಸಾರ್," ಎಂದಳು ತಂಗಿ.

"ಕೇಸಾದ್ರೆ ಲಾಂಡ್ರಿ ಕೆಲಸಾನೂ ಹೋಗುತ್ತಮ್ಮ," ಎಂದ ಇನ್ಸ್‌ಪೆಕ್ಟರ್.

"ಮನೆಗೆ ಹೋದ್ರೂ ಹೋಗುತ್ತೆ. ಸಹಿ ಎಲ್ಲಿ ಮಾಡ್ಲಿ?"

ತೋರಿಸಿದ ಕಡೆ ಅವಳು ಸಹಿ ಮಾಡಿದಳು. ಕೃತ್ಯದ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ 'ಕೌಟುಂಬಿಕ ಮನಸ್ತಾಪ' ಎಂದು ಬರೆದ. ಅದಕ್ಕಿಂತ ಹತ್ತಿರದ ಮಾತು ಇಲಾಖೆಯಲ್ಲಿರಲಿಲ್ಲ.

ಮಹಿಳಾ ಕಾನ್ಸ್‌ಟೇಬಲ್ ಅವಳನ್ನು ಲಾಕಪ್ಪಿಗೆ ಸೇರಿಸಿ, ಬೀಗ ಹಾಕಿ, ಕಂಬಿಯ ನಡುವಿನಿಂದ ನೀರಿನ ಲೋಟ ಕೊಟ್ಟಳು. ಕೊಟ್ಟವಳು ಅಲ್ಲಿಂದ ಕದಲಲಿಲ್ಲ. ಅತ್ತಿತ್ತ ನೋಡಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ತಾಯಿ, ನನ್ನ ಮಗಳ ವಿಷಯ ಒಂದು ಕೇಳ್ಬೇಕಿತ್ತು."

ಇನ್ಸ್‌ಪೆಕ್ಟರ್ ಗದರಲು ಕುರ್ಚಿಯಿಂದ ಎದ್ದ. ಅಷ್ಟರಲ್ಲಿ ಒಳಗಿದ್ದವಳು ಲೋಟ ಕೆಳಗಿಟ್ಟು, ಚಕ್ಕಂಬಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿಕೊಂಡಳು.

"ಹೂಂ, ಕೇಳು," ಎಂದಳು.