ಷರಾದಲ್ಲಿದ್ದ ಮೂರು ವರ್ಷ

ಬೆಟ್ಟದ ಮೇಲಿನ ವೀಕ್ಷಣಾಲಯದ ಗಡಿಯಾರ ಮೂರು ವರ್ಷದಿಂದ ನಾಲ್ಕು ನಿಮಿಷ ಹಿಂದೆ ಓಡುತ್ತಿದೆ ಅಂತ ಗೊತ್ತಾದ ದಿನ, ಗಡಿಯಾರಮ್ಮ ಫೋನ್ ಎತ್ತಿಕೊಂಡು ಬೆಟ್ಟದವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದಳು.

ಆ ಹೆಸರು ಆಫೀಸಿನವರು ಇಟ್ಟದ್ದು. ಒಂಬತ್ತಕ್ಕೆ ಫೈಲ್ ಕೋಣೆಯ ಬಾಗಿಲು ತೆಗೆದು, ಐದಕ್ಕೆ ಬೀಗ ಹಾಕಿ, ನಡುವೆ ಒಬ್ಬಳೇ ಡಬ್ಬಿ ಬಿಚ್ಚಿ ಉಣ್ಣುವವಳಿಗೆ ಇನ್ನೇನು ಹೆಸರಿಡುತ್ತಾರೆ? ಅವನು ಬೆಟ್ಟದ ದೂರದರ್ಶಕದಲ್ಲಿ ದಿನವೂ ಸೂರ್ಯನ ಚಿತ್ರ ತೆಗೆದು ಕಳಿಸುವವನು. ಇಬ್ಬರದೂ ದಿನದ ಫೋನ್ ಮಾತಷ್ಟೇ, ಮುಖ ನೋಡಿಕೊಂಡವರಲ್ಲ. ಅವನು ಎಲ್ಲವನ್ನೂ ಕೇಳಿಸಿಕೊಂಡು ತಪ್ಪು ನನ್ನದೇ ಮೇಡಂ ಅಂದ. ವರ್ಗ ಆಗಿದೆ, ನಾಳೆಯೇ ಕೊನೇ ದಿನ ಅಂತಲೂ ಅಂದ. ಇವಳು ಸರಿ ಅಂತ ಫೋನ್ ಇಟ್ಟಳು. ಆಮೇಲೆ ಯಾಕೋ ಊಟ ಸೇರಲಿಲ್ಲ.

ಅವನು ಕಳಿಸುವ ಪ್ರತಿ ಚಿತ್ರದ ಫೈಲಿನ ಮೊದಲಿಗೆ ಹೆಡರ್ ಅಂತ ಕೆಲವು ಸಾಲು ಇರುತ್ತವೆ. ತಾರೀಖು, ಸಮಯ, ಕೊನೆಗೆ ಷರಾ, ಅಂದರೆ ಚಿತ್ರ ತೆಗೆದವನ ಟಿಪ್ಪಣಿ. ಅವಳು ಕೋಡ್ ಬರೆದಳು: ಸಮಯಕ್ಕೆ ನಾಲ್ಕು ನಿಮಿಷ ಕೂಡಿಸು, ಷರಾದಲ್ಲಿದ್ದದ್ದನ್ನು ಅಳಿಸಿ 'ಸಮಯ ತಿದ್ದಿದೆ' ಅಂತ ಹಾಕು. ಷರಾ ಯಾರು ಓದುತ್ತಾರೆ? ಅವಳಂತೂ ಒಮ್ಮೆಯೂ ಓದಿರಲಿಲ್ಲ. ಇನ್ನೊಂದು ಪ್ರತಿ ಕೂಡ ಇಟ್ಟುಕೊಳ್ಳದೆ ಮೊದಲ ವರ್ಷದ ಫೈಲುಗಳ ಮೇಲೆ ಓಡಿಸಿಯೇಬಿಟ್ಟಳು.

ಎರಡನೇ ವರ್ಷದ ಮೊದಲ ಫೈಲಿಗೇ ಕೋಡ್ ನಿಂತಿತು. ಷರಾ ತೀರಾ ಉದ್ದವಂತೆ. ತೆರೆದು ನೋಡಿದಳು.

'ಆಕಾಶ ಶುಭ್ರ. ಫೈಲ್ ಕೋಣೆಯವರು ನಿನ್ನೆ ಫೋನಿನಲ್ಲಿ ನಾಲ್ಕು ಸಲ ಸೀನಿದರು. ಬಿಸಿನೀರು ಕುಡಿಯಿರಿ ಅನ್ನೋಣ ಅಂದುಕೊಂಡೆ, ಬಾಯಿ ಬರಲಿಲ್ಲ.'

ಮರುದಿನದ್ದು: 'ತೆಳು ಮೋಡ. ಇವತ್ತು ಅವರು ಬೈಯಲಿಲ್ಲ. ಹೊತ್ತೇ ಹೋಗಲಿಲ್ಲ.'

ಓದುತ್ತಾ ಹೋದಳು. ಅವಳ ಬಾಡಿಗೆ ಮನೆಯ ಪಕ್ಕದವರಿಗೂ ಗೊತ್ತಿರದ ಜ್ವರ ಅಲ್ಲಿತ್ತು. ಅವಳು ಅಪರೂಪಕ್ಕೆ ನಕ್ಕದ್ದೂ ಇತ್ತು. ಕಣ್ಣು ತುಂಬಿ ಬಂತು. ಮೊದಲ ವರ್ಷದ ಫೈಲುಗಳನ್ನು ಒಂದೊಂದಾಗಿ ತೆರೆದಳು, ಎಲ್ಲದರಲ್ಲೂ 'ಸಮಯ ತಿದ್ದಿದೆ'. ಕೈಯಾರೆ ಕಳೆದುಕೊಂಡಿದ್ದಳಲ್ಲ.

ಮತ್ತೆ ಬೆಟ್ಟಕ್ಕೆ ಫೋನ್ ಮಾಡಿ, ಷರಾ ಓದಿದೆ ಅಂದಳು.

"ಯಾರೂ ಓದಲ್ಲ ಅನ್ನೋ ಧೈರ್ಯದಲ್ಲಿ ಬರೆದೆ ಮೇಡಂ. ಅಳಿಸಿಬಿಡಿ."

"ಮೊದಲ ವರ್ಷದ್ದು ಅಳಿಸಿಬಿಟ್ಟಿದ್ದೀನಿ. ಓದದೇನೇ. ಅದರಲ್ಲಿ ಏನಿತ್ತು, ಹೇಳಿ."

ಅವನು ಹೇಳಲಾರದೆ ಫೋನ್ ಇಟ್ಟ.

ಕೋಡಿನಿಂದ ಷರಾ ಅಳಿಸುವ ಸಾಲು ತೆಗೆದುಹಾಕಿ, ಉಳಿದ ಫೈಲುಗಳಲ್ಲಿ ಸಮಯವನ್ನಷ್ಟೇ ತಿದ್ದಿದಳು. ಮರುದಿನ ಮಧ್ಯಾಹ್ನ ಬೆಟ್ಟದಿಂದ ಕೊನೆಯ ಫೈಲ್ ಬಂತು. ಸೂರ್ಯನ ಕಡೆ ನೋಡದೆ ನೇರ ಷರಾಕ್ಕೆ ಹೋದಳು.

'ಆಕಾಶ ಶುಭ್ರ. ಗಡಿಯಾರ ಸರಿ ಮಾಡಿದ್ದೀನಿ. ಮೊದಲ ವರ್ಷದ್ದೆಲ್ಲ ಬಾಯಿಪಾಠ ಇದೆ, ಆದರೆ ಫೋನಿನಲ್ಲಿ ಹೇಳೋಕಾಗಲ್ಲ. ಬಸ್ಸು ಹತ್ತಿ ಬೆಟ್ಟ ಇಳಿದು ಬರ್ತೀನಿ, ಐದಕ್ಕೆ ನಿಮ್ಮ ಬಾಗಿಲಲ್ಲಿರ್ತೀನಿ. ಬೀಗ ಹಾಕಬೇಡಿ.'

ಐದಾಯಿತು. ಬೀಗ ಕೈಯಲ್ಲೇ ಇತ್ತು. ಐದೂ ನಾಲ್ಕು ನಿಮಿಷಕ್ಕೆ ಬಾಗಿಲು ಬಡಿದ ಸದ್ದಾಯಿತು. ತಡ ಯಾಕೆ ಅಂತ ಬೈಯಲು ಎದ್ದ ಗಡಿಯಾರಮ್ಮನಿಗೆ ಬಾಯಿ ಬರಲಿಲ್ಲ.